ಏಳನೇ ಪ್ರಶ್ನೆ

ನಮ್ಮ ಜಬಲ್ ತಾಜ್ ಗುಡ್ಡದಲ್ಲಿ ಇವತ್ತು ಯಾರ ಮನೆಯಲ್ಲಿ ಏನು ಅಡುಗೆ ಎಂದು ಕೇಳಬೇಕಾಗಿಲ್ಲ. ನೀರು ಬಂದು ಎಷ್ಟು ದಿನವಾಯಿತು ಎಂದು ಎಣಿಸಿಕೊಂಡರೆ ಸಾಕು. ನೀರು ಬರುವುದು ಮಂಗಳವಾರ. ಅಂದು ಮುಲೂಖಿಯಾ ಸೊಪ್ಪು. ಅದನ್ನು ಮೂರು ನೀರಿನಲ್ಲಿ ತೊಳೆಯದೆ ಒಲೆಗೆ ಹಾಕುವ ಹೆಂಗಸು ಈ ಗುಡ್ಡದಲ್ಲಿ ಇನ್ನೂ ಹುಟ್ಟಿಲ್ಲ. ಶುಕ್ರವಾರದವರೆಗೆ ಅನ್ನ, ಮಾಂಸ, ಬದನೆಕಾಯಿ ಎಲ್ಲ ನಡೆಯುತ್ತದೆ. ಭಾನುವಾರದ ಹೊತ್ತಿಗೆ ಎಲ್ಲರ ಮನೆಯಲ್ಲೂ ಒಂದೇ ಬಾಣಲೆ, ಅದರಲ್ಲಿ ಹುರಿದ ಟೊಮೆಟೊ. ಸುತ್ತ ಕೂತು ಎಲ್ಲರೂ ಅದಕ್ಕೇ ರೊಟ್ಟಿ ಅದ್ದುತ್ತೇವೆ. ತಟ್ಟೆ ಇಟ್ಟರೆ ತೊಳೆಯಬೇಕಲ್ಲ!

ನಾನು ಹೊಲಿಗೆಯವಳು. ನನ್ನ ಮನೆಯ ಮೇಲಿನ ಮನೆ ಉಮ್ ಸುಹೈಬಳದು, ಅದರ ಮೇಲೆ ತಾರಸಿ. ಗೋಡೆ ತೆಳು, ಮೆಟ್ಟಿಲು ಒಂದೇ, ನನ್ನ ಕಿವಿ ಚುರುಕು. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಕೇಳಿಸಿಕೊಂಡದ್ದು, ಇನ್ನರ್ಧ ಆ ಮನೆಯ ಹುಡುಗಿ ರುಬಾ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಹೇಳಿದ್ದು.

ಮನೆಯಲ್ಲಿ ನಾಲ್ವರು. ಅಜ್ಜಿ ಹಾಜ್ಜಾ ಫಿದ್ದಾ, ಎಂಬತ್ತು ದಾಟಿದವಳು, ಕಣ್ಣು ಮಂಜು, ನಾಲಗೆ ಮಾತ್ರ ಸಾಣೆ ಹಿಡಿದದ್ದು. ಅವಳ ಸೊಸೆ ಉಮ್ ಸುಹೈಬ್, ಅಂದರೆ ಸುಹೈಬನ ತಾಯಿ. ಸೊಸೆಯ ಮಗ ಸುಹೈಬ್, ಕ್ಷೌರದ ಅಂಗಡಿಯವನು. ಮಗಳು ರುಬಾ, ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿಯ ವಿಷಯದಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ. ಉಮ್ ಸುಹೈಬಳ ಗಂಡ ಅಕಬಾದ ಬಂದರಿನಲ್ಲಿ ದುಡಿಯುತ್ತಾನೆ, ತಿಂಗಳಿಗೊಮ್ಮೆ ಮೀನು ಹಿಡಿದುಕೊಂಡು ಬರುತ್ತಾನೆ.

ಜೂನ್ ಮೊದಲ ವಾರ ರುಬಾ ಓಡಿ ಬಂದು ಚೀಲ ಎಸೆದ ಸದ್ದು ನನಗೆ ಕೆಳಗೇ ಕೇಳಿಸಿತು.

"ಯಮ್ಮಾ, ಸಿಕ್ತು!"

"ಏನೇ ಸಿಕ್ತು? ಗಂಡಾ?"

"ತರಬೇತಿ ಯಮ್ಮಾ! ಸರಕಾರದ ನೀತಿ ವಿಶ್ಲೇಷಣೆ ಘಟಕದಲ್ಲಿ, ಬೇಸಿಗೆ ಪೂರ್ತಿ ಎಂಟು ವಾರ. ಅರ್ಜಿ ಹಾಕಿದೋರು ನೂರಾರು ಜನ, ತಗೊಂಡಿದ್ದು ಮೂವರನ್ನ."

ಅಜ್ಜಿ ಮಂಚದಿಂದಲೇ ಕೇಳಿದಳು. "ಯಾರ ವಶೀಲಿನೇ?"

"ಯಾರದೂ ಇಲ್ಲ ಸಿತ್ತಿ," ಎಂದಳು ಮೊಮ್ಮಗಳು.

"ವಶೀಲಿ ಇಲ್ದೆ ಸಿಕ್ತು ಅಂದ್ರೆ ಅದು ಒಳ್ಳೇ ಕೆಲಸ ಅಲ್ಲ ಬಿಡು."

"ಸಂಬಳ ಎಷ್ಟು?" ಸುಹೈಬನ ಪ್ರಶ್ನೆ.

"ಸಂಬಳ ಇಲ್ಲ. ಬಸ್ಸಿನ ಖರ್ಚು ಕೊಡ್ತಾರೆ."

"ಭಲೇ. ಅಲ್ಲಿ ಹೋಗಿ ಮಾಡೋದೇನು?"

"ಸರಕಾರ ಒಂದು ನಿರ್ಧಾರ ತಗೊಳ್ಳೋ ಮೊದಲು ಅದ್ರಿಂದ ಯಾರಿಗೆ ಏನಾಗುತ್ತೆ ಅಂತ ಅಂಕಿಅಂಶ ಹಿಡ್ಕೊಂಡು ಹೇಳೋದು."

"ಅದನ್ನ ನನ್ನ ಅಂಗಡೀಲಿ ಕೂದಲು ಕತ್ತರಿಸ್ಕೊಳ್ಳೋರು ಪುಕ್ಕಟೆ ಹೇಳ್ತಾರೆ ಕಣೇ."

"ನಾನೂ ಪುಕ್ಕಟೆನೇ ತಾನೇ ಹೇಳ್ತಿರೋದು!"

ಎಲ್ಲರೂ ನಕ್ಕರು. ತಾಯಿ ನಗಲಿಲ್ಲ. "ಮಂಗಳವಾರ ರಜೆ ಇದೆಯಾ?" ಎಂದಳು.

ಇರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ.

ಮಂಗಳವಾರದ ಕೆಲಸ ಹೇಳಿದರೆ ನಿಮಗೆ ಗೊತ್ತಾಗುತ್ತದೆ. ಬೆಳಿಗ್ಗೆ ಕೊಳಾಯಿ ಬುಸುಗುಟ್ಟಿದ ಕೂಡಲೇ ಮೋಟರು ಹಾಕಬೇಕು. ತಾರಸಿಯ ಮೇಲೆ ಆ ಮನೆಗೆ ಎರಡು ಟ್ಯಾಂಕು. ಒಂದು ತುಂಬಿದ ಮೇಲೆ ಪೈಪನ್ನು ಇನ್ನೊಂದಕ್ಕೆ ಕೈಯಲ್ಲೇ ಬದಲಿಸಬೇಕು, ತಡವಾದರೆ ನೀರೆಲ್ಲ ಬೀದಿಗೆ. ವಾರದ ಬಟ್ಟೆ ಒಗೆದು ಮೇಲೆ ಹರವಬೇಕು. ಹೊದಿಕೆ, ಜಮಖಾನೆ, ಅಜ್ಜಿಯ ಹಾಸಿಗೆಯ ಬಟ್ಟೆ. ಹದಿನಾಲ್ಕು ವರ್ಷದವಳಾಗಿದ್ದಾಗಿನಿಂದ ರುಬಾಳೇ ಹತ್ತಿಳಿಯುತ್ತಿದ್ದಳು. ಮನೆ ಬಾಗಿಲಿನಿಂದ ತಾರಸಿಗೆ ಮೂವತ್ತೊಂದು ಮೆಟ್ಟಿಲು. ತಾಯಿಯ ಬಲ ಮಂಡಿ ಎರಡು ವರ್ಷದಿಂದ ಸರಿಯಿಲ್ಲ.

ಇನ್ನು ಸುಹೈಬ್. ಅವನ ಅಂಗಡಿಗೆ ವಾರದ ರಜೆಯೇ ಮಂಗಳವಾರ. ಮನೆಯಲ್ಲೇ ಇರುತ್ತಾನೆ. ಮಧ್ಯಾಹ್ನದವರೆಗೆ ಮಲಗಿರುತ್ತಾನೆ.

ಮೊದಲ ಮಂಗಳವಾರ ಸಂಜೆ ರುಬಾ ಮನೆಗೆ ಬಂದಾಗ ಜಗಳ ಕಾದಿತ್ತು.

"ಅಣ್ಣಾ, ಒಂದು ಪೈಪ್ ಬದಲಾಯಿಸೋಕೆ ನಿನ್ನ ಕೈ ಸವೆದುಹೋಗುತ್ತಾ?"

"ಆರು ದಿನ ನಿಂತ್ಕೊಂಡೇ ಕೆಲಸ ಮಾಡ್ತೀನಿ ನಾನು. ನೀನು ಕುರ್ಚಿ ಮೇಲೆ ಕೂತು ಬರ್ತೀಯ, ಅದೂ ದುಡ್ಡಿಲ್ದೆ."

"ಬಟ್ಟೆನಾದ್ರೂ ಹರವಬಹುದಿತ್ತಲ್ಲ!"

"ತಾರಸಿ ಮೇಲೆ ನಿಂತು ಅಜ್ಜಿ ಲಂಗ ಹರವ್ಲಾ? ಎದುರು ಮನೆಯೋರೆಲ್ಲ ನನ್ನ ಗಿರಾಕಿಗಳು."

"ನನ್ನ ಲಂಗಕ್ಕೇನೋ ಆಗಿದೆ?" ಎಂದಳು ಅಜ್ಜಿ. "ನಿನ್ನ ಗಿರಾಕಿಗಳ ತಲೆಗಿಂತ ಚೊಕ್ಕಟವಾಗಿದೆ."

ಉಮ್ ಸುಹೈಬ್ ಚಹಾ ಲೋಟ ಇಡುತ್ತಾ ಇಬ್ಬರನ್ನೂ ಸುಮ್ಮನಾಗಿಸಿದಳು. "ಆಯ್ತಲ್ಲ, ಕೆಲಸ ಮುಗೀತಲ್ಲ. ಹೊಡೆದಾಡ್ಬೇಡಿ."

"ಮಂಡಿ ಹೇಗಿದೆ ಯಮ್ಮಾ?"

"ಅಲ್‌ಹಮ್ದುಲಿಲ್ಲಾ."

ರುಬಾ ಸಮಾಧಾನದಿಂದ ಚಹಾ ಕುಡಿದಳು. ಹೀಗೇ ವಾರಗಳು ಉರುಳಿದವು. ಮಂಗಳವಾರ ಬಂದರೆ ಉಮ್ ಸುಹೈಬ್ ಹತ್ತುವ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಸ್ವಲ್ಪ ಹತ್ತುವಳು, ಸದ್ದು ನಿಲ್ಲುವುದು, ಮತ್ತೆ ಹತ್ತುವಳು. ನಡುವೆ ಫೋನು ಬಂತೇನೋ ಎಂದುಕೊಂಡು ನಾನು ನನ್ನ ಹೊಲಿಗೆ ನೋಡುತ್ತಿದ್ದೆ.

ಘಟಕದಲ್ಲಿ ರುಬಾಳ ಮೇಲಧಿಕಾರಿ ಡಾಕ್ಟರಾ ಲಮೀಸ್. ನಗು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಎಂಟು ವಾರ ಮುಗಿದ ಮೇಲೆ ಈಕೆ ಒಂದು ಮೌಲ್ಯಮಾಪನದ ಹಾಳೆಗೆ ಸಹಿ ಹಾಕಬೇಕು. ಆ ಹಾಳೆ ಇಲ್ಲದಿದ್ದರೆ ರುಬಾಳ ಪದವಿ ಒಂದು ವರ್ಷ ಹಿಂದೆ ಬೀಳುತ್ತದೆ. ಘಟಕದಲ್ಲಿ ಒಂದು ಕಾಯಂ ಹುದ್ದೆಯೂ ಖಾಲಿಯಿದೆ, ತರಬೇತಿಗೆ ಬಂದ ಮೂವರಲ್ಲಿ ಒಬ್ಬರಿಗೆ ಅದು ಸಿಗಬಹುದು ಎಂದು ಆಫೀಸಿನಲ್ಲಿ ಗುಸುಗುಸು.

ನಾಲ್ಕನೇ ವಾರ ಅವಳಿಗೆ ಕೊಟ್ಟದ್ದು ನೀರಿನ ಕೆಲಸವೇ. ಮೂರು ಗುಡ್ಡಗಳ ನಾನೂರ ಹನ್ನೆರಡು ಮನೆಗಳಿಗೆ ಯಾರೋ ಫೋನು ಮಾಡಿ ಪ್ರಶ್ನೆ ಕೇಳಿ, ಉತ್ತರಗಳನ್ನು ಜನ ಹೇಳಿದ ಹಾಗೆಯೇ ಬರೆದುಕೊಂಡಿದ್ದರು. ಒಂದು ಗುಡ್ಡ ನಮ್ಮದು. ಆ ಮಾತುಗಳನ್ನು ಅಂಕಿ ಮಾಡುವುದು ರುಬಾಳ ಪಾಲಿಗೆ ಬಂತು. ಒಪ್ಪಿಗೆಯ ಉತ್ತರವಾದರೆ ಒಂದು, ದೂರಾದರೆ ಎರಡು, ಏನೂ ಹೇಳದಿದ್ದರೆ ಮೂರು. ಏಳನೇ ಪ್ರಶ್ನೆ: ನಿಮ್ಮ ಮನೆಗೆ ನೀರು ಸಾಕಾಗುತ್ತದೆಯೇ?

ಸಾಲು ಸಾಲಾಗಿ ಅದೇ ಉತ್ತರ, ದೇವರಿಗೆ ಸ್ತುತಿ. ಅಲ್‌ಹಮ್ದುಲಿಲ್ಲಾ. ಅಲ್‌ಹಮ್ದುಲಿಲ್ಲಾ, ದೇವರ ದಯೆ. ರುಬಾ ಎರಡು ಮಧ್ಯಾಹ್ನ ಕೂತು ಒಂದು, ಒಂದು, ಒಂದು ಎಂದು ಒತ್ತಿದಳು. ಲೆಕ್ಕ ಹಾಕಿದರೆ ನೂರಕ್ಕೆ ಎಂಬತ್ತು ಮನೆಗಳಿಗೆ ನೀರು ಸಾಕು.

ಆ ಎಂಬತ್ತರ ಮೇಲೆ ಒಂದು ಟಿಪ್ಪಣಿ ತಯಾರಾಯಿತು. ಮೂರು ಗುಡ್ಡಗಳಿಗೆ ವಾರಕ್ಕೆ ಮೂವತ್ತಾರು ಗಂಟೆ ಬಿಡುವ ನೀರನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿ, ಉಳಿದ ಹನ್ನೆರಡು ಗಂಟೆಯನ್ನು ತೀರಾ ಕಷ್ಟದಲ್ಲಿರುವ ಬೇರೆ ಬಡಾವಣೆಗೆ ಕೊಡಬಹುದು. "ನಿನ್ನ ಕೋಷ್ಟಕವೇ ಇದರ ಬೆನ್ನೆಲುಬು," ಎಂದಳಂತೆ ಲಮೀಸ್. ಅವಳ ಬಾಯಿಂದ ಅಷ್ಟು ಬಂದರೆ ಅದು ಹಾರ ಹಾಕಿದಂತೆ.

ತನ್ನ ಗುಡ್ಡದ ನೀರು ಎಂದು ರುಬಾಳಿಗೆ ಚುಚ್ಚಲಿಲ್ಲವೇ? ಚುಚ್ಚಿತು. ಆದರೆ ನಾನೂರು ಮನೆಗಳ ಲೆಕ್ಕದ ಎದುರು ತನ್ನ ಮನೆಯೊಂದನ್ನು ತಂದು ನಿಲ್ಲಿಸಬಾರದು ಎಂದು ಅವಳಿಗೆ ಓದಿಸಿದ್ದರು. ನಮ್ಮ ಮನೆಯಲ್ಲಿ ನಾಲ್ಕು ಜನ, ಅಜ್ಜಿಯ ಬಟ್ಟೆ ಜಾಸ್ತಿ, ಅದಕ್ಕೆ ಸಾಲುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಓದು ಜಾಸ್ತಿಯಾದರೆ ಕಣ್ಣೆದುರಿನ ಟ್ಯಾಂಕು ಕಾಣುವುದಿಲ್ಲ ಎಂದು ನಾನು ಆಮೇಲೆ ಅವಳನ್ನು ಕೆಣಕಿದ್ದೇನೆ.

ಏಳನೇ ವಾರದ ಭಾನುವಾರ ಸಂಜೆ. ಟೊಮೆಟೊ ಬಾಣಲೆ ನಡುವೆ ಇತ್ತು. ಸುಹೈಬ್ ಒಗೆಯದ ಅಂಗಿ ಹಿಡಿದು ಕೂಗಾಡುತ್ತಿದ್ದ.

"ಯಮ್ಮಾ, ನಾಳೆ ಅಂಗಡಿಗೆ ಏನು ಹಾಕ್ಕೊಂಡು ಹೋಗ್ಲಿ? ಇದರಲ್ಲಿ ಮೂರು ಜನರ ಗಡ್ಡ ಇದೆ!"

"ನೀರೆಲ್ಲಿದೆ ಕಂದಾ? ಟ್ಯಾಂಕ್ ತಳ ಕಂಡಿದೆ. ಮಂಗಳವಾರ ಒಗೀತೀನಿ."

"ಎಲ್ಲಾ ಮನೇಲೂ ಹೀಗೇನಾ, ನಮ್ಮನೇಲಿ ಮಾತ್ರನಾ?"

"ನಮ್ಮನೇಲಿ ಮಾತ್ರ," ಎಂದಳು ರುಬಾ, ರೊಟ್ಟಿ ಮುರಿಯುತ್ತಾ. "ನೂರಕ್ಕೆ ಎಂಬತ್ತು ಮನೇಲಿ ಸಾಕಾಗುತ್ತಂತೆ. ಜನಾನೇ ಹೇಳಿದಾರೆ, ಫೋನ್ ಮಾಡಿ ಕೇಳಿದ್ರು."

"ಓ, ಅದಾ?" ಎಂದಳು ಅಜ್ಜಿ. "ನನಗೂ ಮಾಡಿದ್ರಲ್ಲ."

ರುಬಾಳ ಕೈ ಬಾಣಲೆಯ ಮೇಲೇ ನಿಂತಿತು. "ಯಾವಾಗ ಸಿತ್ತಿ?"

"ರಂಜಾನ್ ಕಳೆದ ಮೇಲೆ ಯಾವಾಗ್ಲೋ. ಒಳ್ಳೇ ದನಿ ಇತ್ತು ಆ ಗಂಡಸಿಗೆ. ನೀರು ಸಾಕಾಗುತ್ತಾ ಹಾಜ್ಜಾ ಅಂದ."

"ನೀನೇನಂದೆ?"

"ಅಲ್‌ಹಮ್ದುಲಿಲ್ಲಾ ಅಂದೆ."

"ಸಿತ್ತೀ! ಇವತ್ತು ಬೆಳಿಗ್ಗೆ ನಮಾಜಿಗೆ ಕೈಕಾಲು ತೊಳೆದು ನೀನು ವುಜೂ ಮಾಡಿದ್ದು ಒಂದು ಲೋಟ ನೀರಲ್ಲಿ!"

"ಅದಕ್ಕೆ? ಗುರುತು ಪರಿಚಯ ಇಲ್ದೋನ ಹತ್ರ ನಮ್ಮ ಬಚ್ಚಲು ಒಣಗಿದೆ ಅಂತ ಬಾಯಿ ಬಡ್ಕೊಳ್ಲಾ? ದೇವರು ಕೊಟ್ಟಿದ್ದು ಸಾಲ್ದು ಅನ್ಲಾ? ಅಲ್‌ಹಮ್ದುಲಿಲ್ಲಾ ಅಂತ ಯಾರು ಬೇಕಾದ್ರೂ ಅಂತಾರೆ. ಕಾಲು ಮುರಿದೋರೂ ಅಂತಾರೆ."

ರುಬಾ ಎದ್ದು ಚಪ್ಪಲಿ ಹಾಕದೆ ನನ್ನ ಮನೆಗೆ ಇಳಿದು ಬಂದಳು.

"ಖಾಲ್ತೀ, ನಿಮಗೂ ನೀರಿನ ಬಗ್ಗೆ ಫೋನ್ ಬಂದಿತ್ತಾ?"

"ಬಂದಿತ್ತು."

"ಏನಂದ್ರಿ?"

"ಇನ್ನೇನಂತಾರೆ? ಅಲ್‌ಹಮ್ದುಲಿಲ್ಲಾ ಅಂದೆ."

"ನಿಜ ಹೇಳಿ, ನಿಮ್ಮ ಟ್ಯಾಂಕಲ್ಲಿ ಈಗ ನೀರಿದೆಯಾ?"

"ಶನಿವಾರಾನೇ ಮುಗೀತಲ್ಲೇ. ಬಾಟಲಿ ನೀರಲ್ಲಿ ಅನ್ನ ಮಾಡಿದೆ."

ಅವಳು ನನ್ನ ಹೊಸ್ತಿಲ ಮೇಲೆ ಕುಸಿದು ಕೂತಳು. "ನಾನು ಒಂದು ಅಂತ ಒತ್ತಿದೆ ಖಾಲ್ತೀ," ಎಂದಳು. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಆಯಿತು. ನಾವು ನಮ್ಮ ಬಾಯಿಂದಲೇ ನಮ್ಮ ನೀರು ಕೊಟ್ಟುಬಿಟ್ಟಿದ್ದೆವು.

ಆ ರಾತ್ರಿಯೇ ಮೇಲಿನ ಮನೆಯಲ್ಲಿ ಪಂಚಾಯಿತಿ ನಡೆಯಿತು. ನನ್ನನ್ನೂ ಕರೆದರು.

"ಗುರುವಾರ ಆ ಟಿಪ್ಪಣಿ ಮೇಲೆ ಸಭೆ," ಎಂದಳು ರುಬಾ. "ಒಪ್ಪಿಗೆ ಆದ್ರೆ ಮುಂದಿನ ತಿಂಗಳಿಂದ ಹನ್ನೆರಡು ಗಂಟೆ ಕಡಿಮೆ. ನಾಳೆನೇ ಹೋಗಿ ಹೇಳ್ತೀನಿ."

"ಹುಚ್ಚು ಹಿಡಿದಿದೆಯಾ?" ಎಂದಳು ತಾಯಿ. "ಇನ್ನೊಂದೇ ವಾರ ಉಳಿದಿದೆ. ಮೊದಲು ಹಾಳೆಗೆ ಸಹಿ ಹಾಕಿಸ್ಕೋ, ಆಮೇಲೆ ಹೇಳು."

"ಸಹಿ ಸಿಗೋ ಹೊತ್ತಿಗೆ ಸಭೆ ಮುಗಿದಿರುತ್ತೆ ಯಮ್ಮಾ."

"ಏಳು ವಾರ ನಾನು ಯಾತಕ್ಕೆ ಹತ್ತಿಳಿದೆ ಹೇಳು? ಆ ಹಾಳೆಗೋಸ್ಕರ ತಾನೇ? ಅದನ್ನ ನೀನೇ ಹೋಗಿ ಹರಿದು ಹಾಕ್ತೀಯಾ?"

ರುಬಾಳ ಕಣ್ಣಲ್ಲಿ ನೀರು ಬಂತು. ಸುಹೈಬ್ ಅಂಗಿಯನ್ನು ಮೂಲೆಗೆ ಎಸೆದ. "ಹನ್ನೆರಡು ಗಂಟೆ ಹೋದ್ರೆ ನನ್ನ ಅಂಗಡೀಲಿ ತಲೆ ತೊಳೆಯೋಕೆ ಉಗುಳಬೇಕಾಗುತ್ತೆ. ಹೋಗಿ ಹೇಳು ಹೋಗು."

"ನಿನಗೆ ನಿನ್ನ ಅಂಗಡಿ!"

ಅಜ್ಜಿ ಜಪಮಣಿ ಎಣಿಸುವುದನ್ನು ನಿಲ್ಲಿಸಿದಳು. "ತಪ್ಪು ಯಾರದು?"

"ನನ್ನದೇ ಸಿತ್ತಿ. ಗೊತ್ತಾಗಬೇಕಿತ್ತು. ಬೇರೆ ದೇಶದೋರಾಗಿದ್ರೆ ಗೊತ್ತಾಗ್ತಿರ್ಲಿಲ್ಲ ಅನ್ನಬಹುದು. ನಾನು ಇದೇ ಮನೇಲಿ ಹುಟ್ಟಿದೋಳು."

"ಹಾಗಾದ್ರೆ ಇದರಲ್ಲಿ ಮಾತಾಡೋಕೆ ಏನಿದೆ? ರೊಟ್ಟಿ ತಿಂದು ಮಲಕ್ಕೋ. ನಾಳೆ ಹೋಗಿ ಹೇಳು."

ತಾಯಿ ಅತ್ತೆಗೆ ಎದುರಾಡಲಿಲ್ಲ. ಮಗಳಿಗೆ ಬೆಳಿಗ್ಗೆಯ ಚಹಾ ಮಾಡಿ ಕೊಟ್ಟಳಂತೆ, ಮಾತು ಮಾತ್ರ ಆಡಲಿಲ್ಲವಂತೆ.

ಸೋಮವಾರ ಲಮೀಸ್ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟಳು.

"ನಿಮ್ಮಜ್ಜಿ ನಾನೂರ ಹನ್ನೆರಡರಲ್ಲಿ ಒಬ್ಬರು ರುಬಾ."

"ಗೊತ್ತು ಡಾಕ್ಟರಾ. ಕೆಳಗಿನ ಮನೆಯೋರು ಎರಡನೆಯೋರು."

"ಟಿಪ್ಪಣಿ ಮೇಲಿನೋರ ಕೈಗೆ ಹೋಗಿ ಆಗಿದೆ. ವಾಪಸ್ ತಗೊಳ್ಳೋದು ಅಂದ್ರೆ ಏನು ಅಂತ ಗೊತ್ತಾ ನಿನಗೆ? ನನ್ನ ಹೆಸರು ಇದೆ ಅದರ ಮೇಲೆ."

"ಪಟ್ಟಿಯಿಂದ ಯಾವುದಾದ್ರೂ ನಂಬರ್ ನೀವೇ ಆರಿಸಿ. ನೀವೇ ಕೇಳಿ."

ಲಮೀಸ್ ಕಣ್ಣು ಮುಚ್ಚಿ ಬೆರಳಿಟ್ಟ ಸಾಲಿಗೆ ಫೋನು ಮಾಡಿದಳು, ದನಿ ಇಬ್ಬರಿಗೂ ಕೇಳಿಸುವಂತೆ. ಎತ್ತಿದವನು ಒಬ್ಬ ಮುದುಕ.

"ಹಾಜ್ಜಿ, ನಿಮ್ಮ ಮನೆಗೆ ನೀರು ಸಾಕಾಗುತ್ತಾ?"

"ಅಲ್‌ಹಮ್ದುಲಿಲ್ಲಾ ಮಗಳೇ, ಏನೂ ಕೊರತೆ ಇಲ್ಲ. ದೇವರು ನಿನಗೆ ಒಳ್ಳೇದು ಮಾಡ್ಲಿ."

ಲಮೀಸ್ ರುಬಾಳ ಕಡೆ ನೋಡಿದಳು. ರುಬಾ ಒಂದು ಚೀಟಿಯಲ್ಲಿ ಬರೆದು ಮುಂದೆ ತಳ್ಳಿದಳು. ಲಮೀಸ್ ಅದನ್ನು ಹಾಗೆಯೇ ಓದಿದಳು.

"ಹಾಜ್ಜಿ, ಹೋದ ವಾರ ನಿಮ್ಮ ಟ್ಯಾಂಕ್ ಯಾವ ದಿನ ಖಾಲಿ ಆಯ್ತು?"

"ಹೋದ ವಾರನಾ? ಶುಕ್ರವಾರ. ಅದಕ್ಕೇ ನಾನು, ನನ್ನ ಮಕ್ಕಳು ಎಲ್ಲ ಮಸೀದೀಲೇ ಕೈಕಾಲು ತೊಳ್ಕೊಂಡ್ವಿ. ಸೊಸೆ ಬಾಣಂತಿ, ಕೂಸಿನ ಬಟ್ಟೆ ತಗೊಂಡು ತವರಿಗೆ ಹೋಗಿ ಒಗ್ಕೊಂಡು ಬಂದ್ಲು. ಯಾಕಮ್ಮಾ, ಟ್ಯಾಂಕರ್ ಕಳಿಸ್ತೀಯಾ?"

ಲಮೀಸ್ ಇನ್ನೂ ಆರು ಸಾಲುಗಳಿಗೆ ಫೋನು ಮಾಡಿದಳು. ಆರೂ ಜನ ಮೊದಲು ದೇವರನ್ನು ಸ್ತುತಿಸಿದರು, ಆಮೇಲೆ ದಿನ ಹೇಳಿದರು. ಯಾರ ಟ್ಯಾಂಕೂ ಭಾನುವಾರ ದಾಟಿರಲಿಲ್ಲ. ಕೊನೆಯ ಫೋನು ಇಟ್ಟು ಅವಳು ಪಟ್ಟಿಯನ್ನು ರುಬಾಳ ಮುಂದೆ ತಳ್ಳಿದಳು.

"ನಿನ್ನ ಎಂಟು ವಾರ ಹತ್ತು ಆಗುತ್ತೆ," ಎಂದಳು. "ನಾನೂರ ಹನ್ನೆರಡು ಮನೆಗೂ ನೀನೇ ಫೋನ್ ಮಾಡ್ತೀಯ. ಏಳನೇ ಪ್ರಶ್ನೆ ಹೊಡೆದು ಹಾಕು. ಆ ಚೀಟೀಲಿ ಇರೋದನ್ನ ಬರಿ."

"ಹಾಳೆ, ಡಾಕ್ಟರಾ?"

"ಕೆಲಸ ಮುಗೀಲಿ."

ಎರಡು ವಾರ ರುಬಾಳ ಗಂಟಲು ಕಟ್ಟಿತು. ಸಂಜೆ ಬಂದರೆ ಸೀಬೆ ಎಲೆಯ ಕಷಾಯ ಕುಡಿದು ಕೈಸನ್ನೆಯಲ್ಲೇ ಮಾತು. ಸುಹೈಬನಿಗೆ ಹಬ್ಬವಾಯಿತು. "ಈ ಕೆಲಸದಿಂದ ಮನೆಗೆ ಆದ ಒಂದೇ ಲಾಭ ಇದು," ಎನ್ನುತ್ತಿದ್ದ. ತಾಯಿ ಇನ್ನೂ ಬಿಗಿಯಾಗಿಯೇ ಇದ್ದಳು. ಮಂಗಳವಾರ ಬಂದಾಗ ಮಾತಿಲ್ಲದೆ ಹತ್ತಿ ಇಳಿದಳು.

ಹತ್ತನೇ ವಾರದ ಗುರುವಾರ ರುಬಾ ಹಾಳೆ ತಂದಳು. ನಾನೂ ಇದ್ದೆ, ಬದನೆಕಾಯಿ, ಮಾಂಸ ಹಾಕಿ ಬೇಯಿಸುವ ಅನ್ನ, ಮಕ್ಲೂಬಾ ಮಾಡಿದ್ದೇವೆ, ಬನ್ನಿ ಎಂದು ಕರೆದಿದ್ದರು. ಸುಹೈಬ್ ಹಾಳೆ ಕಸಿದುಕೊಂಡು ಗಟ್ಟಿಯಾಗಿ ಓದಿದ. ಶ್ರಮ: ಉತ್ತಮ. ಎಚ್ಚರಿಕೆ: ಸಾಧಾರಣ. ಕೆಳಗೆ ಲಮೀಸಳ ಕೈಬರಹದಲ್ಲಿ ಒಂದು ಸಾಲು: ತನ್ನ ತಪ್ಪನ್ನು ತಾನೇ ಹಿಡಿದಳು. ಸಹಿ, ಮುದ್ರೆ. ಪದವಿ ಉಳಿಯಿತು. ಟಿಪ್ಪಣಿ ವಾಪಸು ಬಂತು, ಈ ವರ್ಷಕ್ಕಂತೂ ನಮ್ಮ ಮೂವತ್ತಾರು ಗಂಟೆಗೆ ಯಾರೂ ಕೈಹಾಕುವುದಿಲ್ಲ. ಅದು ನಲವತ್ತಾಗಲಿಲ್ಲ ಎನ್ನುವುದೂ ನಿಜ. ಖಾಲಿ ಹುದ್ದೆ ಬೇರೆ ಹುಡುಗನಿಗೆ ಹೋಯಿತು.

"ಸಾಧಾರಣ!" ಎಂದ ಸುಹೈಬ್. "ನಾನು ಹತ್ತು ವರ್ಷದಿಂದ ಹೇಳ್ತಾನೇ ಇದೀನಿ."

ಅಜ್ಜಿ ಹಾಳೆಯನ್ನು ಕೈಯಲ್ಲಿ ಹಿಡಿದು ಮುದ್ರೆಯನ್ನು ಬೆರಳಿನಿಂದ ಸವರಿ ನೋಡಿದಳು. ತಾಯಿಯ ಮುಖ ಹತ್ತು ವಾರದಲ್ಲಿ ಮೊದಲ ಸಲ ಸಡಿಲವಾಯಿತು. ಮಗಳ ತಟ್ಟೆಗೆ ಮಾಂಸದ ದೊಡ್ಡ ತುಂಡು ಹಾಕಿದಳು. ಅನ್ನದ ಪಾತ್ರೆ ಎತ್ತಲು ಏಳುವಾಗ ಗೋಡೆ ಹಿಡಿದಳು.

"ಮಂಡಿ ಹೇಗಿದೆ ಯಮ್ಮಾ?"

"ಅಲ್‌ಹಮ್ದುಲಿಲ್ಲಾ."

ರುಬಾ ತುತ್ತು ಬಾಯಿಗೆ ಒಯ್ಯುವವಳು ತಡೆದಳು. ತಾಯಿಯನ್ನೇ ನೋಡಿದಳು. ಎರಡು ವಾರ ನಾನೂರು ಮನೆಗಳನ್ನು ಕೇಳಿ ಒಡೆದಿದ್ದ ದನಿಯಲ್ಲೇ ಕೇಳಿದಳು.

"ತಾರಸಿಗೆ ಹೋಗುವಾಗ ಎಷ್ಟನೇ ಮೆಟ್ಟಿಲಿಗೆ ನಿಲ್ತೀಯ?"

ಉಮ್ ಸುಹೈಬ್ ಪಾತ್ರೆಯನ್ನು ಕೆಳಗಿಟ್ಟಳು.

"ಜೂನ್‌ನಲ್ಲಿ ಇಪ್ಪತ್ತಕ್ಕೆ ನಿಲ್ತಿದ್ದೆ," ಎಂದಳು. "ಈಗ ಒಂಬತ್ತಕ್ಕೆ."

ಸುಹೈಬನ ಬಾಯಲ್ಲಿ ತುತ್ತು ಹಾಗೆಯೇ ಇತ್ತು. ನನಗೆ ತಲೆ ಎತ್ತಲಾಗಲಿಲ್ಲ. ಹತ್ತು ಮಂಗಳವಾರ ಆ ಸದ್ದು ನಿಲ್ಲುವುದನ್ನು ನನ್ನ ಕಿವಿಯಾರೆ ಕೇಳಿದವಳು ನಾನು. ಒಂದು ದಿನವೂ ಬಾಗಿಲು ತೆಗೆದು ನೋಡಿರಲಿಲ್ಲ.

ಮುಂದಿನ ಮಂಗಳವಾರ ರುಬಾ ಮನೆಯಲ್ಲೇ ಇದ್ದಳು, ಅವಳ ದನಿ ಬಚ್ಚಲಿನಿಂದ ಕೇಳಿಸುತ್ತಿತ್ತು. ಕೊಳಾಯಿ ಬುಸುಗುಟ್ಟಿತು, ಮೋಟರು ಗುರುಗುಟ್ಟಿತು. ಬಟ್ಟೆ ಒಗೆದಾದ ಮೇಲೆ ಯಾರೋ ದಡದಡ ಮೆಟ್ಟಿಲು ಹತ್ತಿದರು, ಎರಡೆರಡು ಒಟ್ಟಿಗೆ, ಗೊಣಗುತ್ತಾ. ನಾನು ಯಂತ್ರ ನಿಲ್ಲಿಸಿ ಎಣಿಸಿದೆ. ಒಂಬತ್ತು ದಾಟಿತು, ಇಪ್ಪತ್ತು ದಾಟಿತು, ಮೂವತ್ತೊಂದೂ ಆಯಿತು. ಕಿಟಕಿಯಿಂದ ಕತ್ತು ಚಾಚಿ ಮೇಲೆ ನೋಡಿದರೆ ತಾರಸಿಯ ಅಂಚಿನ ಹಗ್ಗದ ಮೇಲೆ ಹಾಜ್ಜಾ ಫಿದ್ದಾಳ ಲಂಗ, ಎದುರು ಮನೆಯ ಗಿರಾಕಿಗಳ ಕಣ್ಣೆದುರೇ, ತಲೆಕೆಳಗಾಗಿ ನೇತಾಡುತ್ತಿತ್ತು.